ಓರಗಿತ್ತಿಯ ತಲೆ

ಆ ಮನೆಯಲ್ಲಿ ತಲೆನೋವು ಎಂದರೆ ದೊಡ್ಡ ಸೊಸೆಯ ಸ್ವಂತ ಆಸ್ತಿ. ಕಾಲೇಜಿನಲ್ಲಿ ಅವಳ ಜೊತೆ ಓದಿ, ಮದುವೆಯಾದಾಗ ಅವಳ ಜೊತೆಗೇ ಗಂಡನ ಮನೆಗೆ ಬಂದು, ಹೆರಿಗೆಯಾದ ಮೇಲೆ ಇನ್ನಷ್ಟು ಮೈಕೈ ತುಂಬಿಕೊಂಡ ಅರೆತಲೆನೋವು ಅದು. ಎಡಗಣ್ಣಿನ ಹಿಂದೆ ಯಾರೋ ಮೊಳೆ ಹೊಡೆದಂತೆ ಶುರುವಾಗಿ, ಬೆಳಕು ಬೇಡ, ಮಾತು ಬೇಡ, ಈರುಳ್ಳಿ ಹುರಿಯುವ ವಾಸನೆಯಂತೂ ಬೇಡವೇ ಬೇಡ ಎನ್ನಿಸಿ, ಕೊನೆಗೆ ಹಿಂದಿನ ಕೋಣೆಯ ಮಂಚಕ್ಕೆ ಅವಳನ್ನು ಕೆಡವಿಯೇ ಬಿಡುತ್ತಿತ್ತು. ಆಗ ಮನೆಯವರೆಲ್ಲ ತುದಿಗಾಲಿನಲ್ಲಿ ಓಡಾಡುತ್ತಿದ್ದರು. ಅತ್ತೆ ನೆರೆಮನೆಯವರ ಹತ್ತಿರ, "ನಮ್ಮ ಸೊಸೆಯ ತಲೆನೋವು ಅಂಥಿಂಥದ್ದಲ್ಲ" ಎಂದು ಹೇಳಿಕೊಳ್ಳುವಾಗ ದನಿಯಲ್ಲಿ ಚೂರು ಹೆಮ್ಮೆಯೂ ಇರುತ್ತಿತ್ತು.

ಹೀಗಿರುವಾಗ ಮಹಡಿಯ ಮೇಲಿನ ಮನೆಯಲ್ಲಿದ್ದ ಚಿಕ್ಕ ಸೊಸೆಗೂ ಮೈಗ್ರೇನ್ ಬಂತು.

"ಬಂತಂತೆ" ಎಂದು ದೊಡ್ಡ ಸೊಸೆ ಗಂಡನಿಗೆ ವರದಿ ಒಪ್ಪಿಸಿದಳು. "ನನ್ನ ಹತ್ರ ಇರೋದೆಲ್ಲ ಅವಳಿಗೂ ಬೇಕು. ನಾನು ಮಿಕ್ಸಿ ತಗೊಂಡೆ, ಅವಳೂ ತಗೊಂಡಳು. ನಾನು ಸೋಫಾ ಕವರ್ ಬದಲಾಯಿಸಿದೆ, ಅವಳೂ ಬದಲಾಯಿಸಿದಳು. ಈಗ ಇದು."

"ತಲೆನೋವನ್ನ ಯಾರಾದ್ರೂ ನೋಡಿ ತಗೋತಾರೇನೆ?"

"ನಿಮಗೆ ಅರ್ಥ ಆಗಲ್ಲ ಬಿಡಿ. ನೀವು ನಿಮ್ಮ ಲಿಫ್ಟ್ ನೋಡ್ಕೊಳ್ಳಿ."

(ಗಂಡನ ಕೆಲಸ ಲಿಫ್ಟ್ ರಿಪೇರಿ. ಮೇಲೆ ಕೆಳಗೆ ಹೋಗಿಬರುವ ವಸ್ತುಗಳ ವಿಷಯ ಬಿಟ್ಟರೆ ಬೇರೆ ಯಾವುದರಲ್ಲೂ ಅವನು ಪಟ್ಟು ಹಿಡಿದವನಲ್ಲ.)

ಬಂದದ್ದನ್ನಾದರೂ ಹೇಗೋ ಸಹಿಸಬಹುದಿತ್ತು. ಹೋದದ್ದನ್ನು ಸಹಿಸುವುದು ಹೇಗೆ? ಚಿಕ್ಕ ಸೊಸೆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು. ಪುಸ್ತಕ ಓದಿದಳು, ಡಾಕ್ಟರನ್ನು ಕೇಳಿದಳು, ತನ್ನ ತಲೆಯನ್ನು ಯಾವ ಯಾವುದು ಕೆಣಕುತ್ತದೆ ಎಂದು ಪತ್ತೆ ಹಚ್ಚಿದಳು. ಬೇಸಿಗೆ ಮುಗಿಯುವಷ್ಟರಲ್ಲಿ ಅವಳ ಮೈಗ್ರೇನ್ ಎಪ್ಪತ್ತರ ಮುದುಕನ ಹಾಗೆ ಮೆತ್ತಗಾಗಿತ್ತು. "ಓದಿ ತಿಳ್ಕೊಂಡಳು ನೋಡು, ಅದಕ್ಕೆ ಟ್ರಿಗರ್ ಅಂತಾರಂತೆ" ಎಂದು ಅತ್ತೆ ಹೊಸ ಪದವನ್ನು ಬಾಯಲ್ಲಿ ಹೊರಳಿಸಿದರು. ವರ್ಷಗಟ್ಟಲೆ ನರಳಿದ ಹಿರಿಯ ರೋಗಿ ಇಲ್ಲಿ ಮಲಗಿರುವಾಗ ನಿನ್ನೆ ಮೊನ್ನೆ ಸೇರಿದವಳು ವಾಸಿಯಾಗಿ ಎದ್ದು ಹೋಗುವುದು ಯಾವ ನ್ಯಾಯ? ದೊಡ್ಡ ಸೊಸೆಯ ತಲೆಯ ನೋವು ಹೊಟ್ಟೆಗೂ ಇಳಿದು ಅಲ್ಲಿ ಉರಿಯಾಗಿ ನಿಂತಿತು.

ಆ ಉರಿಗೆ ತುಪ್ಪ ಸುರಿದವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ. ಮಗಳನ್ನು ಎಲ್ಲರೂ ಗಿಲಕಿ ಎಂದೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಜಡೆ ಹೆಣೆಸಿಕೊಳ್ಳುತ್ತಾ ಗಿಲಕಿ ಹೇಳಿದಳು: "ಅಮ್ಮಾ, ನಮ್ಮ ಸ್ಕೂಲ್ ಡೇಗೆ ಚಿಕ್ಕಮ್ಮ ಬರಲಿ."

"ಯಾಕೆ? ನಾನಿಲ್ವಾ?"

"ನಿನಗೆ ಅವತ್ತು ತಲೆ ಬರುತ್ತೆ. ಚಿಕ್ಕಮ್ಮನ ತಲೆ ರಿಪೇರಿ ಆಗಿದೆ."

ನಾಳೆ ಮೋಡ ಇರುತ್ತೆ ಎನ್ನುವಷ್ಟು ಸಹಜವಾಗಿ ಮಗು ಇದನ್ನು ಹೇಳಿತ್ತು. ಹೆಣೆಯುತ್ತಿದ್ದ ಕೈ ನಿಂತಿತು. ಹೋದ ವರ್ಷ ಗಿಲಕಿ ವೇದಿಕೆಯ ಮೇಲೆ ಮೊಲವಾಗಿದ್ದಳಂತೆ. ತಾಯಿ ನೋಡಿದ್ದು ಗಂಡ ಫೋನಿನಲ್ಲಿ ಹಿಡಿದು ತಂದ ಬಾಲವನ್ನು ಮಾತ್ರ. ಈ ಸಲ ಮೂತಿಯನ್ನೂ ನೋಡಬೇಕು, ಮುಂದಿನ ಸಾಲಿನಲ್ಲಿ ಕೂತು ನೋಡಬೇಕು ಎಂದು ಅವಳು ಅಲ್ಲೇ ಸಂಕಲ್ಪ ಮಾಡಿದಳು.

ಓರಗಿತ್ತಿಯನ್ನು ಕೇಳಬಹುದಿತ್ತು. ಆದರೆ ಕೇಳುವುದುಂಟೇ? ಅದರ ಬದಲು ಗೂಢಚರ್ಯೆಗೆ ಇಳಿದಳು. ತಾರಸಿಯ ಮೇಲೆ ಒಣಗಿದ ಬಟ್ಟೆ ತರಲು ಹೋಗುವಾಗ ಚಿಕ್ಕವಳ ಕಿಟಕಿ ದಾಟಿಯೇ ಹೋಗಬೇಕು. ಆ ವಾರ ಮನೆಯಲ್ಲಿ ಬಟ್ಟೆ ಒಗೆದದ್ದೇ ಒಗೆದದ್ದು.

ಚಿಕ್ಕವಳು ಕಾಫಿ ಬಿಟ್ಟಿದ್ದು ಕಂಡಿತು. ಇವಳೂ ಅದೇ ದಿನ ಬಿಟ್ಟಳು. ಚಿಕ್ಕವಳು ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟು ಕೂತಿದ್ದು ಕಂಡಿತು. ಇವಳೂ ಕಾಲಿಟ್ಟಳು. ಚಿಕ್ಕವಳು ಮನೆಯೊಳಗೂ ಕಪ್ಪು ಕನ್ನಡಕ ಹಾಕಿದ್ದಳು. ಇವಳಿಗೆ ಅದೇನು ಕಷ್ಟ, ಕೆಲಸವೇ ಕನ್ನಡಕದ ಅಂಗಡಿಯಲ್ಲಿ. ಕಪ್ಪು ಕನ್ನಡಕದೊಳಗಿಂದ ಅಡುಗೆ ಮಾಡಿ, ಅತ್ತೆಯ ಚಹಾಕ್ಕೆ ಉಪ್ಪು ಹಾಕಿದಳು. ಚಿಕ್ಕವಳು ಎಡಗಡೆಯ ಹಲ್ಲಿನಲ್ಲಿ ಮಾತ್ರ ಅಗಿಯುತ್ತಿದ್ದಳು.

"ಯಾಕೆ ಒಂದೇ ಕಡೆ ಅಗೀತಿದೀಯ, ಮೇಕೆ ಥರ?" ಎಂದು ಇವಳನ್ನು ಕೇಳಿದ ಗಂಡ.

"ಇದು ವಿಜ್ಞಾನ. ಸುಮ್ನೆ ಊಟ ಮಾಡಿ."

ಕೊನೆಗೊಂದು ದಿನ ಚಿಕ್ಕವಳು ಬೆಳಿಗ್ಗೆ ಏನೂ ತಿನ್ನದೆ ಹೊರಟಳು. ಇವಳೂ ಬರೀ ಹೊಟ್ಟೆಯಲ್ಲಿ ಅಂಗಡಿಗೆ ಹೋದಳು. ನಡುಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿನ ಹಿಂದೆ ಮೊಳೆಯ ಜಾಗದಲ್ಲಿ ಗುದ್ದಲಿಯೇ ಬಿದ್ದಿತ್ತು. ಎದುರಿಗೆ ಕಣ್ಣು ಪರೀಕ್ಷೆಗೆ ಕೂತ ಗಿರಾಕಿ.

"ಕೊನೆ ಸಾಲು ಓದಿ" ಎಂದು ದೀಪ ಆರಿಸಿಬಿಟ್ಟಳು.

"ಕತ್ತಲಲ್ಲಿ ಹೇಗ್ರೀ ಓದೋದು?"

"ನೆನಪಿರೋಷ್ಟು ಹೇಳಿ" ಎಂದು ಮೇಜಿನ ಮೇಲೆ ಹಣೆಯಿಟ್ಟಳು.

ಸಂಜೆ ನೇರವಾಗಿ ಮಹಡಿ ಹತ್ತಿದಳು, ಜಗಳಕ್ಕೇ. "ನೀನು ಮಾಡಿದ್ದನ್ನೆಲ್ಲ ಮಾಡಿದೆ. ನನಗೆ ಮಾತ್ರ ಜಾಸ್ತಿ ಆಗಿದೆ. ಏನು ಮುಚ್ಚಿಟ್ಟಿದೀಯ ಹೇಳು."

ಚಿಕ್ಕವಳು ಬಾಗಿಲಲ್ಲೇ ಕಕ್ಕಾಬಿಕ್ಕಿಯಾದಳು. "ಏನೇನು ಮಾಡಿದ್ರಿ ಅಕ್ಕಾ?"

"ಬಿಸಿನೀರಲ್ಲಿ ಕಾಲಿಟ್ಟೆ."

"ಅದು ನನ್ನ ಹಿಮ್ಮಡಿ ಒಡೆದಿತ್ತು."

"ಎಡಗಡೆ ಅಗಿದೆ."

"ಬಲಗಡೆ ನನ್ನ ಹಲ್ಲು ಹುಳುಕಾಗಿದೆ ಅಕ್ಕಾ."

"ಕಪ್ಪು ಕನ್ನಡಕ?"

"ಕಣ್ಣುಬೇನೆ ಆಗಿತ್ತಲ್ಲ."

"ಇವತ್ತಿನ ಉಪವಾಸ?" ದೊಡ್ಡವಳ ದನಿ ಈಗ ಇಳಿದಿತ್ತು.

"ರಕ್ತ ಪರೀಕ್ಷೆ."

"ಹಾಗಾದ್ರೆ ಕಾಫಿ? ಅದಕ್ಕೇನು ಹೇಳ್ತೀಯ?"

"ಅದೊಂದು ನಿಜ. ಆದ್ರೆ ನಾನು ದಿನಾ ಚೂರು ಚೂರು ಕಡಿಮೆ ಮಾಡಿದ್ದು. ನೀವು ಒಂದೇ ಸಲ ಬಿಟ್ರಾ? ಹಾಗೆ ಬಿಟ್ರೂ ತಲೆ ಸಿಡಿಯುತ್ತೆ ಅಕ್ಕಾ." ಚಿಕ್ಕವಳು ನಗಲಿಲ್ಲ. (ನಕ್ಕಿದ್ದರೆ ಜಗಳವಾದರೂ ಆಗುತ್ತಿತ್ತು.) "ನನ್ನನ್ನ ಕೆಣಕೋದು ನಿಮ್ಮನ್ನ ಕೆಣಕಬೇಕು ಅಂತೇನಿಲ್ಲ. ನೋವು ಬರೋಕೆ ಮುಂಚೆ ಏನಾಗಿತ್ತು ಅಂತ ನಿಮ್ಮ ತಲೆಯನ್ನೇ ಕೇಳಿ. ಈ ಪುಸ್ತಕ ಓದಿ, ಡಾಕ್ಟರಿಗೂ ಒಮ್ಮೆ ತೋರಿಸಿ."

ದೊಡ್ಡ ಸೊಸೆ ಪುಸ್ತಕವನ್ನು, ಕೊಟ್ಟವಳಿಗೇ ಉಪಕಾರ ಮಾಡುವವಳಂತೆ ತೆಗೆದುಕೊಂಡಳು. ಊಟದ ಬಿಡುವಿನಲ್ಲಿ ಅಂಗಡಿಯಲ್ಲಿ ಓದಿದಳು, ಕುಕ್ಕರ್ ಕೂಗುವ ತನಕ ಅಡುಗೆಮನೆಯಲ್ಲಿ ಓದಿದಳು. ಓದುತ್ತಾ ಹೋದಂತೆ ಕಳ್ಳರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಮಗುವಿಗೆ ತಿನ್ನಿಸಿ, ಗಡಿಬಿಡಿಯಲ್ಲಿ ಒಮ್ಮೊಮ್ಮೆ ತಾನು ತಿನ್ನದೆ ಓಡುವ ಬೆಳಗು ಒಂದು ಕಳ್ಳ. ರಜೆಯ ದಿನ ಸೂರ್ಯ ನೆತ್ತಿಗೆ ಬರುವವರೆಗೆ ಮಲಗುವ ಸುಖ ಇನ್ನೊಂದು. ಅಂಗಡಿಯ ಕನ್ನಡಿಗಳಿಂದ ದಿನವಿಡೀ ಕಣ್ಣಿಗೆ ಹೊಡೆಯುವ ದೀಪ ಮತ್ತೊಂದು. ಎಲ್ಲಕ್ಕಿಂತ ದೊಡ್ಡ ಕಳ್ಳನನ್ನು ಹಿಡಿದುಕೊಟ್ಟವರು ಡಾಕ್ಟರು. ನೆನೆದಾಗಲೆಲ್ಲ ನುಂಗುತ್ತಿದ್ದ ನೋವಿನ ಮಾತ್ರೆಯೇ, ಹೆಚ್ಚಾದರೆ ನೋವನ್ನು ಕೈಹಿಡಿದು ಮನೆಗೆ ಕರೆತರುತ್ತದಂತೆ. ಮಾತ್ರೆಯನ್ನು ಅವರು ಹೇಳಿದಂತೆ ಇಳಿಸಿದಳು. ಗಿಲಕಿಯ ಜಡೆ ಹೆಣೆಯುವ ಮೊದಲು ತನ್ನ ಹೊಟ್ಟೆಗೆ ಹಾಕಿಕೊಂಡಳು. ಅಂಗಡಿಯಲ್ಲಿ ಕುರ್ಚಿಯನ್ನು ಕನ್ನಡಿಗೆ ಬೆನ್ನಾಗಿ ತಿರುಗಿಸಿದಳು. ನೋವು ಪೂರ್ತಿ ಹೋಗಲಿಲ್ಲ. ಆದರೆ ಮನೆಯಲ್ಲೇ ಠಿಕಾಣಿ ಹೂಡಿದ್ದದ್ದು ಅಪರೂಪಕ್ಕೆ ಬಂದು, ಬರುವ ಮುಂಚೆ ತಿಳಿಸಿ, ಬೇಗ ಎದ್ದುಹೋಗುವ ನೆಂಟನಾಯಿತು.

ಇಷ್ಟಕ್ಕೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಅತ್ತೆಯ ಮುಂದೆ, ಚಿಕ್ಕವಳಿಗೂ ಕೇಳುವಂತೆ, "ನನ್ನ ತಲೆ ಈಗ ಕಲ್ಲು ಅತ್ತೆ. ಬೇರೆಯವರ ಥರ ಅರ್ಧಂಬರ್ಧ ವಾಸಿ ಅಲ್ಲ. ಯಾವ ಸದ್ದಿಗೂ ಜಗ್ಗಲ್ಲ" ಎಂದು ಘೋಷಿಸಿದಳು.

ಸ್ಕೂಲ್ ಡೇ ಬಂತು. ದೊಡ್ಡ ಸೊಸೆ ಮುಂದಿನ ಸಾಲಿನಲ್ಲಿ, ತುಂಬಿದ ಹೊಟ್ಟೆಯಲ್ಲಿ, ಪಕ್ಕದಲ್ಲಿ ಓರಗಿತ್ತಿಯನ್ನು ಇಟ್ಟುಕೊಂಡು ಕೂತಳು. ಪರದೆ ಸರಿದರೆ, ಗಿಲಕಿಯ ತರಗತಿಯ ಡ್ರಮ್ ತಂಡ. ಮಗಳು ಅಮ್ಮನನ್ನು ಕಂಡು ತನ್ನ ಡ್ರಮ್ಮು ಬಿಟ್ಟು ಪಕ್ಕದವನ ಡ್ರಮ್ಮಿಗೆ ಬಾರಿಸಿದಳು. ಅಮ್ಮನ ಕಣ್ಣು ಮಂಜಾಯಿತು. ಆ ಮಂಜಿನಲ್ಲೂ ಒಂದು ಕಂಡಿತು: ಪ್ರತಿ ಪೆಟ್ಟಿಗೂ ಮೊದಲೇ ಓರಗಿತ್ತಿಯ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದೆ.

"ನಿನಗೆ ಹೇಗೆ ಗೊತ್ತು?" ಉರಿ ಮತ್ತೆ ಎದ್ದಿತು.

"ಅಭ್ಯಾಸ ನಮ್ಮನೇಲೇ ಅಲ್ವಾ ಅಕ್ಕಾ. ಅಮ್ಮನ ತಲೆಗೆ ಆಗಲ್ಲ ಅಂತ ಗಿಲಕಿ ದಿನಾ ಸ್ಕೂಲಿಂದ ಬಂದು ಮೇಲೆ ಬಾರಿಸ್ತಿದ್ದಳು, ನೀವು ಅಂಗಡಿಯಿಂದ ಬರೋ ತನಕ."

ದೊಡ್ಡ ಸೊಸೆ ವೇದಿಕೆ ಬಿಟ್ಟು ಅವಳ ಕಡೆ ತಿರುಗಿದಳು. "ನಿನ್ನ ತಲೆಗೆ ಏನೂ ಆಗಲಿಲ್ವೇನೆ?"

"ಸದ್ದು ನನ್ನ ಟ್ರಿಗರ್ ಅಲ್ಲ ಅಕ್ಕಾ" ಎಂದ ಚಿಕ್ಕವಳು ವೇದಿಕೆಯನ್ನೇ ನೋಡುತ್ತಾ ಸೇರಿಸಿದಳು, "ಅಂತ ಅಂದ್ಕೊಂಡಿದ್ದೆ."

ಅಂದು ಸಂಜೆಯೇ ಅಭ್ಯಾಸದ ಡ್ರಮ್ಮು ಮಹಡಿ ಇಳಿಯಿತು. ಹೊತ್ತು ತಂದವಳು ಚಿಕ್ಕ ಸೊಸೆ. ಆ ಮೆಟ್ಟಿಲುಗಳನ್ನು ಅಷ್ಟು ಹಗುರವಾಗಿ ಅವಳು ಯಾವತ್ತೂ ಇಳಿದದ್ದಿಲ್ಲ. ಗಿಲಕಿ ಹಿಂದೆಯೇ ಬಂದಳು. "ಅಮ್ಮಾ, ಟೀಚರ್ ದಿನಾ ಪ್ರಾಕ್ಟೀಸ್ ಮಾಡು ಅಂದಿದ್ದಾರೆ. ನಿನ್ನ ತಲೆ ಯಾವ ಸದ್ದಿಗೂ ಜಗ್ಗಲ್ವಂತಲ್ಲ, ಇನ್ಮೇಲೆ ಇಲ್ಲೇ."

ಅತ್ತೆ ಕಿವಿಗೆ ಇಟ್ಟುಕೊಳ್ಳಲು ಹತ್ತಿ ಹುಡುಕಹೊರಟರು. ಗಂಡನಿಗೆ ಎಲ್ಲೋ ಲಿಫ್ಟ್ ಸಿಕ್ಕಿಹಾಕಿಕೊಂಡದ್ದು ಆಗಲೇ ನೆನಪಾಯಿತು. ಮಗಳು ಬಾರಿಸತೊಡಗಿದಳು. ದೊಡ್ಡ ಸೊಸೆ ಎದುರಿಗೆ ಕೂತು, ನಗುತ್ತಾ, ತಾಳಕ್ಕೆ ತಲೆಯನ್ನೂ ಆಡಿಸಿದಳು. ಆಡಿಸದೆ ಬೇರೆ ದಾರಿಯಿರಲಿಲ್ಲ. ಎರಡು ಪೆಟ್ಟಿನ ನಡುವೆ ಮೇಲಿನ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುವುದು ಕೇಳಿಸಿತು. ಆಮೇಲೆ ಅಲ್ಲಿಂದ ಒಂದು ಚಿಟಿಕೆಯಷ್ಟೂ ಸದ್ದಿಲ್ಲ.

ಏನು ಪುಣ್ಯವಂತೆಯೋ, ಎಷ್ಟು ನೆಮ್ಮದಿಯಾಗಿ ಮಲಗಿದ್ದಾಳೆ, ಎಂದುಕೊಂಡಳು ದೊಡ್ಡ ಸೊಸೆ. ತಲೆ ಹಾಯಾಗಿತ್ತು, ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.