ರೂತಳ ಮದುವೆಗೆ ಬಂದವರು

ಒಂಟಿಯಾಗಿರುವವರಿಗೆ ನಗುವ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಜೊತೆಗೆ ನಗುವುದಕ್ಕೆ ಜನ ಬರುವುದಿಲ್ಲ ಅಷ್ಟೇ. ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆಯ ಆಸ್ಪತ್ರೆಗೆ ನರ್ಸಾಗಿ ಹೋದಾಗ ನನ್ನ ಪಾಡು ಇದೇ ಆಗಿತ್ತು. ಮದುವೆಯಿಲ್ಲ, ಬಂಧುಗಳಿಲ್ಲ, ಆ ಬೀದಿಯಲ್ಲಿ ನಮ್ಮ ಕ್ರೈಸ್ತ ಸಭೆಯವರು ಒಬ್ಬರೂ ಇಲ್ಲ. ಮೈಸೂರಿನ ಪಾದ್ರಿ ಅಯ್ಯನವರು ಬೈಬಲ್ಲಿನ ಒಂದೊಂದು ಪುಸ್ತಕಕ್ಕೂ ಇರುವ ತೆಳ್ಳನೆಯ ಸರಳ ವ್ಯಾಖ್ಯಾನಗಳನ್ನು ಕಟ್ಟಿ ಕೊಟ್ಟು, "ಓದಿಕೊಂಡಿರಮ್ಮ, ಬೇಜಾರಾಗೋದಿಲ್ಲ" ಎಂದಿದ್ದರು. ಆದರೂ ಬೇಜಾರಾಯಿತು. ರೂತಳ ಪುಸ್ತಕ ಒಂದನ್ನು ಮುಗಿಸಿ ಮೈಸೂರಿಗೆ ವರ್ಗ ಕೇಳುವುದೆಂದು ತೀರ್ಮಾನಿಸಿ, ಆಸ್ಪತ್ರೆಯ ಕಾಂಪೌಂಡರಿಗೂ ಹೇಳಿಬಿಟ್ಟಿದ್ದೆ.

ಒಬ್ಬಳೇ ಗುಂಪು

ಆ ವ್ಯಾಖ್ಯಾನದಲ್ಲಿ ಪ್ರತಿ ಪಾಠದ ಕೊನೆಗೂ ಪ್ರಶ್ನೆಗಳು. ಮೇಲೆ "ಗುಂಪಿನಲ್ಲಿ ಚರ್ಚಿಸಿ" ಎಂಬ ಅಪ್ಪಣೆ. ಗುಂಪನ್ನು ಎಲ್ಲಿಂದ ತರಲಿ? ದಪ್ಪ ದನಿಯಲ್ಲಿ ಪ್ರಶ್ನೆ ಕೇಳಿ ಸಣ್ಣ ದನಿಯಲ್ಲಿ ಉತ್ತರ ಹೇಳುತ್ತಿದ್ದೆ. ಒಂದು ಸಂಜೆ ಉತ್ತರ ನನಗೇ ಒಪ್ಪಿಗೆಯಾಗದೆ ದಪ್ಪ ದನಿ ಸ್ವಲ್ಪ ರೇಗಿತು.

ಹಿತ್ತಲಿನಿಂದ, ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಗೌಡತಿ ಅಜ್ಜಿ ಕೂಗಿದರು. "ಸಿಸ್ಟ್ರಮ್ಮ, ಯಾರವ್ವ ಬಂದಿರಾದು?"

"ಯಾರೂ ಇಲ್ಲ ಅಜ್ಜಿ, ನಾನೇ."

ಸ್ವಲ್ಪ ಹೊತ್ತಿಗೆ ಎರಡು ಲೋಟ ಕಾಫಿ ಬಂತು. "ಜಗಳ ಆಡ್ಬೇಡಿ ಕಣವ್ವ, ಇಬ್ರೂವೆ ಕುಡೀರಿ" ಎಂದು ಇಟ್ಟುಹೋದರು. ಇಬ್ಬರೂ ಕುಡಿದೆವು.

ಹೂಂ

ಮಾರನೆಯ ವಾರ ಅಜ್ಜಿ ಅವರೆಕಾಯಿಯ ಮೊರ ಹಿಡಿದು ನನ್ನ ಹೊಸ್ತಿಲಲ್ಲೇ ಕೂತರು. ಅವರ ತೌರಿನಲ್ಲಿ ಪುರಾಣ ಓದಿಸುತ್ತಿದ್ದರಂತೆ. ಒಬ್ಬರು ಓದಬೇಕು, ಒಬ್ಬರು ಅರ್ಥ ಹೇಳಬೇಕು, ಉಳಿದವರು ಹೂಂಗುಟ್ಟಬೇಕು.

"ಹೂಂ ಅನ್ನೋರಿಲ್ದೆ ಓದಿದ್ರೆ ಓದ್ದಂಗಾಯ್ತದಾ? ನೀನು ಓದು, ಅರ್ತಾನೂ ನೀನೇ ಯೇಳು. ಹೂಂ ನಾನಂತೀನಿ."

ಬೈಬಲ್ ತೆಗೆದು ಓದಿದೆ. ಹೂಂ. ಅರ್ಥ ಹೇಳಿದೆ. ಹೂಂ. ನನ್ನ ಮಾತಿಗೆ ಇನ್ನೊಂದು ಗಂಟಲು ಸ್ಪಂದಿಸಿ ಎಷ್ಟು ದಿನವಾಗಿತ್ತೋ, ಕಣ್ಣು ತುಂಬಿ ಬಂತು. ಸಂಭ್ರಮದಿಂದ ಪ್ರಶ್ನೆ ಓದಿದೆ: "ಕಷ್ಟಕಾಲದಲ್ಲಿ ದೇವರು ನಮ್ಮನ್ನು ಕೈಬಿಟ್ಟನೆಂದು ನಿಮಗೆ ಅನ್ನಿಸಿದೆಯೇ? ಇಲ್ಲವೇ?"

"ಹೂಂ" ಎಂದರು ಅಜ್ಜಿ.

ಯಾವೂರ ಸೊಸೆ?

ರೂತಳ ಕತೆ ಹೀಗೆ: ಗಂಡ ಸತ್ತವಳು. ಅತ್ತೆ ನೊವೊಮಿ ತನ್ನೂರಿಗೆ ಹೊರಟಾಗ, ನೀನು ತೌರಿಗೆ ಹೋಗು ಎಂದರೂ ಕೇಳದೆ ಜೊತೆಗೇ ಹೋಗುತ್ತಾಳೆ. ಅಜ್ಜಿಯ ಕೈ ಅವರೆಕಾಯಿಯ ಮೇಲೇ ನಿಂತಿತು.

"ಓಗು ಅಂದ್ರೂ ಓಗ್ನಿಲ್ವಾ? ಯಾವೂರ ಸೊಸೆ ಅದು?"

"ಮೋವಾಬ್ ಅಂತ ಅಜ್ಜಿ. ಬಹಳ ದೂರ."

"ದೂರದಿಂದ್ಲೇ ತರಬೇಕಿತ್ತು ಕಣವ್ವ. ನಾವು ಇಲ್ಲೇ ನಾಗಮಂಗಲದಿಂದ ತಂದ್ಬುಟ್ಟೋ."

ನಾಗಮಂಗಲದ ಸೊಸೆ ಅವರ ಅಡಿಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಅಲ್ಲಿಂದಲೇ ಉತ್ತರ ಬಂತು. "ಆ ಅತ್ತೆ ಬಾಯ್ತುಂಬ 'ಓಗು ಮಗ, ಸುಕವಾಗಿರು' ಅಂದ್ಳಂತೆ. ನಮ್ಮತ್ತೆ ಒಂದ್ಸಲ ಅಂಗೆ ಅಂದ್ನೋಡ್ಲಿ, ನಾನೂ ಓಗಾಕಿಲ್ಲ!"

ಆ ಮಾತಿಗೆ ಮಾತ್ರ ಅಜ್ಜಿ ಹೂಂಗುಟ್ಟಲಿಲ್ಲ.

ಮದುವೆ

"ಮುಂದ್ಲ ವಾರ ಏನವ್ವ?" ಎಂದು ಕೇಳಿದರು ಅಜ್ಜಿ.

"ಕೊನೇ ಪಾಠ ಅಜ್ಜಿ. ರೂತಳಿಗೂ ಬೋವಜನಿಗೂ ಮದುವೆ." ಮುಗಿದ ಮೇಲೆ ನಾನೂ ಹೊರಡುತ್ತೇನೆ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ.

ಪುರಾಣದಲ್ಲಿ ಮದುವೆಯ ಕತೆ ಓದುವ ದಿನ ಕೇಳುವವರೇ ಮದುವೆ ಮನೆಯವರು ಎನ್ನುವ ಪದ್ಧತಿ ನನಗೆಲ್ಲಿ ಗೊತ್ತು? ಆ ದಿನ ಡ್ಯೂಟಿ ಮುಗಿಸಿ ಬಂದರೆ ನನ್ನ ಬಾಗಿಲಿಗೆ ಮಾವಿನ ತೋರಣ. ಒಳಗೆ ಬೀದಿಯ ಹೆಂಗಸರೆಲ್ಲ. ಪಾಯಸದ ಪಾತ್ರೆಯ ಕಾವಲಿಗೆ ನಾಗಮಂಗಲದ ಸೊಸೆ. ನನ್ನನ್ನು ಚಾಪೆಯ ಮೇಲೆ ಕೂರಿಸಿ ಅಜ್ಜಿ ಮಡಿಲಿಗೆ ಅಕ್ಕಿ, ಕಾಯಿ, ಬಳೆ ಸುರಿದರು.

"ಅಯ್ಯೋ, ಮದುವೆ ನನಗಲ್ಲ ಅಜ್ಜಿ, ರೂತಳಿಗೆ!"

"ಗೊತ್ತು ಸುಮ್ನಿರು. ಊರು ಬುಟ್ಟು ಬಂದಿರೋ ಎಣ್ಣು ಅದು, ಮಡ್ಲು ತುಂಬೋಕೆ ತೌರೋರಿಲ್ಲ. ನಿನ್ಗಿದ್ದಾರಾ? ಅವ್ಳ ಪರ್ವಾಗಿ ನೀನಿಸ್ಕೋ."

ನಾನು ಮಡಿಲು ತುಂಬಿಕೊಂಡು ಅಳುತ್ತಿದ್ದಾಗಲೇ ನಮ್ಮ ಕಾಂಪೌಂಡರು ಇಸ್ತ್ರಿ ಶರ್ಟು ಹಾಕಿಕೊಂಡು, ಬಣ್ಣದ ಕಾಗದ ಸುತ್ತಿದ ಗೋಡೆ ಗಡಿಯಾರ ಹಿಡಿದು ಒಳಗೆ ಬಂದರು. "ಸಿಸ್ಟರ ಮನೇಲಿ ಮದುವೆ" ಎಂಬ ಸುದ್ದಿ ಆಸ್ಪತ್ರೆಯವರೆಗೂ ಹೋಗಿತ್ತು. ನನ್ನ ಮಡಿಲು ನೋಡಿದರು, ಕಣ್ಣೀರು ನೋಡಿದರು, ಸುತ್ತ ನೋಡಿದರು.

"ಗಂಡೆಲ್ಲಿ?"

"ಪುಸ್ತಕದೊಳ್ಗವ್ನೆ" ಎಂದರು ಅಜ್ಜಿ. "ಕೂತ್ಕಳಿ, ಈಗ್ಲೇ ಓದಿ ಕರೀತಾಳೆ."

ನಕ್ಕೂ ನಕ್ಕೂ ನನ್ನ ಮಡಿಲಿನ ಅಕ್ಕಿಯೆಲ್ಲ ಚಾಪೆಗೆ ಚೆಲ್ಲಿತು. ಕಾಂಪೌಂಡರು ಮಾತ್ರ ಪೆಚ್ಚಾಗಿ, "ಅಲ್ಲ ಸಿಸ್ಟರ್, ಈ ಪುಸ್ತಕ ಮುಗಿದ ಮೇಲೆ ಮೈಸೂರಿಗೆ ವರ್ಗ ಕೇಳ್ತೀನಿ ಅಂದಿದ್ರಲ್ಲ?" ಎಂದರು.

ನಗು ನಿಂತುಹೋಯಿತು. ಅಜ್ಜಿ ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಬೈಬಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ದಪ್ಪವನ್ನು ಕಾಂಪೌಂಡರ ಕಣ್ಣಿಗೆ ಹಿಡಿದರು.

"ಈ ಮದ್ವೆಗೆ ಇದ್ರಲ್ಲಿ ನಾಕೇ ಆಳೆ ಆಗಿರಾದು ಕಣ್ರೀ. ಇಷ್ಟೂ ಮುಗಿಯಗಂಟ ಈಯಮ್ಮ ಎಲ್ಗೋಯ್ತಾಳೆ?"