ಟ್ರೀ ಪಾರ್ಕಿಗೆ ಜನ ಬಂದ ದಿನ

ನ್ಯಾಮತಿ ಊರ ಹೊರಗಿನ ಸರ್ಕಾರಿ ಟ್ರೀ ಪಾರ್ಕಿಗೆ ಜನ ಬರುತ್ತಿರಲಿಲ್ಲ. ಅದು ವಾಚ್‌ಮನ್ ಬೀರಲಿಂಗಪ್ಪನಿಗೆ ಯಾವತ್ತೂ ಕೊರತೆ ಎನಿಸಿರಲಿಲ್ಲ. ಬೆಳಿಗ್ಗೆ ಗೇಟು ತೆಗೆದು, ಗಿಡಕ್ಕೆ ನೀರು ಬಿಟ್ಟು, ಹೊಂಗೆ ಮರದ ಕೆಳಗೆ ಟವೆಲ್ ಹಾಸಿದನೆಂದರೆ ಸಂಜೆವರೆಗೂ ಅವನೇ ಅಲ್ಲಿನ ಪಾಳೇಗಾರ. ಗುತ್ತಿಗೆ ನೌಕರನಾದರೇನು, ಇಷ್ಟು ಸುಖ ತಹಶೀಲ್ದಾರರಿಗೂ ಇಲ್ಲ ಎಂದು ಅವನ ನಂಬಿಕೆ.

ಆ ಸುಖಕ್ಕೆ ಕಲ್ಲು ಹಾಕಿದವನು ಪಕ್ಕದ ಮನೆಯ ದುರುಗಪ್ಪ. ಒಂದು ಬೆಳಿಗ್ಗೆ ಟೀ ಅಂಗಡಿಯಿಂದ ನೇರ ಪಾರ್ಕಿಗೇ ಬಂದ.

"ಬೀರಣ್ಣ, ಸುದ್ದಿ ಗೊತ್ತೈತಾ? ಸರ್ಕಾರಿ ಪಾರ್ಕಿನ ಜಾಗ ಪ್ರೈವೇಟ್‌ನೋರಿಗೆ ಲೀಸಿಗೆ ಕೊಡಾಕೆ ಹೊಸ ಕಾಯ್ದೆ ಬಂದೈತಂತೆ. ಅವ್ರು ರೆಸಾರ್ಟ್ ಕಟ್ತಾರಂತೆ. ಜನ ಬರದಿರೋ ಪಾರ್ಕೇ ಮೊದ್ಲು ಹೋಗೋದಂತೆ. ಇವತ್ತು ಮಧ್ಯಾಹ್ನ ಇದನ್ನ ನೋಡಾಕೆ ಆಫೀಸರ್ ಬರ್ತಾರೆ."

"ಹಂಗಾದ್ರೆ ನನ್ ಕೆಲ್ಸ?"

"ಕಂಪನಿಯೋರು ಟೋಪಿ ಹಾಕಿದ ಸೆಕ್ಯೂರಿಟಿ ತರ್ತಾರೆ. ನಿನ್ನ ಯಾಕೆ ಇಟ್ಕಂತಾರೆ?"

ಬೀರಲಿಂಗಪ್ಪ ಒಮ್ಮೆ ಪಾರ್ಕಿನ ಕಡೆ ನೋಡಿದ. ಎರಡು ಅಳಿಲು, ಒಂದು ನಾಯಿ. ಇವನ್ನು ಜನ ಎಂದು ತೋರಿಸುವಂತಿರಲಿಲ್ಲ.

"ದುರುಗಣ್ಣ, ಮಧ್ಯಾಹ್ನ ನೀನು ಇಲ್ಲಿ ವಾಕಿಂಗ್ ಮಾಡ್ತಿರ್ಬೇಕು."

"ಮಾಡ್ಬಹುದು. ಆದ್ರೆ ನನ್ ಮೆಕ್ಕೆಜೋಳ ಒಣಗ್ಬೇಕಲ್ಲ. ಅದನ್ನ ಇಲ್ಲೇ ವಾಕಿಂಗ್ ದಾರೀಲಿ ಹರವ್ತೀನಿ. ನಾನೂ ಬಂದಂಗಾಯ್ತು, ಜೋಳನೂ ಒಣಗ್ದಂಗಾಯ್ತು."

ಒಪ್ಪದೆ ಗತಿಯಿರಲಿಲ್ಲ. ಅಲ್ಲಿಂದ ಬೀರಲಿಂಗಪ್ಪ ಸೈಕಲ್ ಹತ್ತಿ ಓಬವ್ವನ ಮನೆಗೆ ಓಡಿದ. ಅವನ ಹೆಂಡತಿ ಚೌಡಮ್ಮ ಇದ್ದ ಮಹಿಳಾ ಸಂಘಕ್ಕೆ ಓಬವ್ವನೇ ಅಧ್ಯಕ್ಷೆ. ಸಂಘದ ಸಭೆ ಅವತ್ತೇ ಇತ್ತು.

"ಓಬವ್ವಕ್ಕ, ಇವತ್ತಿನ ಮೀಟಿಂಗ್ ಪಾರ್ಕಲ್ಲಿ ಮಾಡ್ರಿ. ತಂಪಾಗಿರ್ತೈತೆ."

"ಹೋದ್ಸಲ ನಮ್ ಮೊಮ್ಮಕ್ಕಳು ಬಂದಾಗ ಗೇಟಿಂದ್ಲೇ ಗದರಿಸಿ ಕಳಿಸಿದ್ಯಂತೆ?"

"ಅದು ಹಳೇ ಕಾಯ್ದೆ, ಅಕ್ಕ."

ಒಳಗಿದ್ದ ಚೌಡಮ್ಮ ತಲೆ ಹೊರಹಾಕಿದಳು. "ಮಂಡಕ್ಕಿ, ಮಿರ್ಚಿ ಯಾರು ಕೊಡಿಸ್ತಾರೆ?"

"ನಾನೇ," ಎಂದ ಬೀರಲಿಂಗಪ್ಪ, ಹಲ್ಲು ಕೀಳಿಸಿಕೊಳ್ಳುವವನ ದನಿಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಪಾರ್ಕು ಪಾರ್ಕಿನಂತೆ ಇರಲಿಲ್ಲ. ವಾಕಿಂಗ್ ದಾರಿ ತುಂಬ ಒಂದು ಟ್ರ್ಯಾಕ್ಟರ್ ಮೆಕ್ಕೆಜೋಳ. ನಡೆಯುವವರು ಚಪ್ಪಲಿ ಬಿಟ್ಟು, ಕಾಲು ಎಳೆದುಕೊಂಡು ನಡೆದು ಕಾಳು ತಿರುವಬೇಕೆಂದು ದುರುಗಪ್ಪ ಹುಕುಂ ಹೊರಡಿಸಿದ್ದ. ಹೊಂಗೆ ನೆರಳಲ್ಲಿ ಸಂಘದ ಹೆಂಗಸರು, ಅವರ ಮೊಮ್ಮಕ್ಕಳು. ಜೋಳದ ವಾಸನೆ ಹಿಡಿದು ರಸ್ತೆಯಲ್ಲಿದ್ದ ಕುರಿಮಂದೆ ಒಳಗೆ ನುಗ್ಗಿತು. ಬೀರಲಿಂಗಪ್ಪ ಟವೆಲ್ ಬೀಸಿ ಅಟ್ಟಿದರೆ ಅವು ನೇರ ಸಭೆಗೆ ಹೋಗಿ ಮಂಡಕ್ಕಿಗೆ ಬಾಯಿ ಹಾಕಿದವು.

ಅದೇ ಹೊತ್ತಿಗೆ ಜೀಪು ಬಂತು. ಇಳಿದವರು ಅಧಿಕಾರಿ ನೇತ್ರಾವತಿ. ಅವರ ಹಿಂದೆ ಬಿಳಿ ಪ್ಯಾಂಟಿನ ಗುರುಬಸವರಾಜ್, ರೆಸಾರ್ಟಿಗೆ ಜಾಗ ಹುಡುಕುತ್ತಿದ್ದ ಕಂಪನಿಯ ಕಡೆಯವರು.

"ಮೇಡಂ, ಚಪ್ಪಲಿ ಬಿಡ್ರಿ, ಕಾಳೈತೆ," ಎಂದ ದುರುಗಪ್ಪ. "ಹಂಗೇ ಕಾಲು ಎಳಕಂಡು ನಡೀರಿ."

ಅಧಿಕಾರಿ ನಗುತ್ತಾ ಪಾರ್ಕಿಗೊಂದು ಸುತ್ತು ಬಂದು ಜೋಳ ತಿರುವಿದರು. ಗುರುಬಸವರಾಜ್ ಶೂಗಳನ್ನು ಕೈಯಲ್ಲಿ ಹಿಡಿದು, ಸಪ್ತಪದಿ ತುಳಿಯುವ ಮದುಮಗನಂತೆ ಅವರ ಹಿಂದೆ ನಡೆದರು.

"ದಿನಾ ಹಿಂಗೇ ಜನ ಇರ್ತಾರೆ, ಮೇಡಂ," ಎಂದ ಬೀರಲಿಂಗಪ್ಪ, ಏದುಸಿರು ಬಿಡುತ್ತಾ.

ನೇತ್ರಾವತಿ ಗುರುಬಸವರಾಜ್ ಕಡೆ ತಿರುಗಿದರು. "ನೀವು ಈ ಜಾಗ ಬೇಡ ಅನ್ನೋಕೆ ಬಂದಿದ್ರಿ ಅಲ್ವಾ?"

"ಜನ ಬರಲ್ಲ ಅಂತ ಬೇಡ ಅಂದಿದ್ದೆ, ಮೇಡಂ. ಇಲ್ಲಿ ನೋಡಿದ್ರೆ ಸಂತೆನೇ ಸೇರಿದೆ. ಈಗ ಈ ಜಾಗನೇ ಬೇಕು."

ಬೀರಲಿಂಗಪ್ಪನ ಕೈಯಿಂದ ಟವೆಲ್ ಜಾರಿತು. "ಜನ ಬರದಿರೋ ಪಾರ್ಕನ್ನಲ್ವಾ ಮೇಡಂ ಕೊಡೋದು?"

"ಯಾರು ಹೇಳಿದ್ದು? ಕಂಪನಿ ಕೇಳಿದ ಜಾಗ ಕೊಡಬಹುದು ಅಂತಷ್ಟೇ ಕಾಯ್ದೆ. ಜನ ಬರದ ಕಡೆ ಯಾವ ಕಂಪನಿ ಬರುತ್ತೆ?"

ಬೀರಲಿಂಗಪ್ಪ ದುರುಗಪ್ಪನನ್ನು ನೋಡಿದ. ಅವನು ಬಗ್ಗಿ ಒಂದೊಂದೇ ಕಾಳನ್ನು ಶ್ರದ್ಧೆಯಿಂದ ತಿರುವತೊಡಗಿದ.

ಗುರುಬಸವರಾಜ್ ಬೀರಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟರು. "ಹೆದರಬೇಡಿ. ಇಷ್ಟು ಜನ ಬರೋ ಹಾಗೆ ಪಾರ್ಕ್ ನೋಡಿಕೊಂಡೋರು ನೀವು. ಟಿಕೆಟ್ ಕೌಂಟರಲ್ಲಿ ನಿಮ್ಮನ್ನೇ ಕೂರಿಸ್ತೀವಿ. ಸಂಬಳ ಈಗಿನದ್ರ ಎರಡರಷ್ಟು."

ಓಬವ್ವ ಸಿಟ್ಟಿಲ್ಲದೆ ಕೇಳಿದಳು, "ನಾಳೆ ನಾವು ಬಂದ್ರೆ ನಮ್ಮತ್ರನೂ ಟಿಕೆಟ್ ಕೇಳ್ತೀಯೇನಪ್ಪ?"

ಬೀರಲಿಂಗಪ್ಪ ಹೊಂಗೆ ಮರದ ಕಡೆ ನೋಡಿದ. ಅವಳ ಮೊಮ್ಮಗ ನೆರಳಲ್ಲಿ ಬಾಯಿ ತೆರೆದು ಮಲಗಿದ್ದ. ಇಷ್ಟು ವರ್ಷ ನೀರು ಹಾಕಿ ಬೆಳೆಸಿದ ಮರಗಳು ತನಗಲ್ಲದೆ ಇನ್ನೊಬ್ಬರಿಗೆ ನೆರಳಾದದ್ದನ್ನು ಅವನು ನೋಡುತ್ತಿದ್ದುದು ಅವತ್ತೇ ಮೊದಲು. ಅದು ಅವನಿಗೆ ಇಷ್ಟವಾಗಿತ್ತು.

"ಕೇಳಾಕೆ ನಂಗೆ ಬಾಯಿ ಬರಲ್ಲ, ಅಕ್ಕ," ಎಂದ. ಆಮೇಲೆ ಅಧಿಕಾರಿಯತ್ತ ತಿರುಗಿ, "ಕೊಡಬ್ಯಾಡ್ರಿ ಅನ್ನಾಕೆ ಏನಾದ್ರೂ ದಾರಿ ಐತಾ, ಮೇಡಂ?"

"ಇದೆ. ಪಾರ್ಕ್ ಬಳಸೋ ಜನ ಬೇಡ ಅಂದ್ರೆ ಮೊದಲು ಸಭೆ ಕರೆದು ಅವರ ಅಹವಾಲು ಕೇಳ್ಬೇಕು. ಅದೂ ಅದೇ ಕಾಯ್ದೆಯಲ್ಲಿದೆ. ಇಷ್ಟು ದಿನ ಇಲ್ಲಿ ಬಳಸೋರೇ ಇರ್ಲಿಲ್ಲ." ನೇತ್ರಾವತಿ ಸುತ್ತ ನೋಡಿದರು. "ಬೇಡ ಅನ್ನೋರು ಕೈ ಎತ್ತಿ."

ಮೊದಲು ಎದ್ದದ್ದು ಬೀರಲಿಂಗಪ್ಪನ ಕೈ. ಬೆನ್ನಿಗೇ ಸಂಘದ ಅಷ್ಟೂ ಕೈ. ಕುರಿ ಕಾಯುವವನೂ ಎತ್ತಿದ.

"ಸರಿ, ಮುಂದಿನ ತಿಂಗಳು ಇಲ್ಲೇ ಸಭೆ. ಬೀರಲಿಂಗಪ್ಪ, ನೀವು ಕೈ ಇಳಿಸಿ. ನೀವು ಇಲಾಖೆ ಕಡೆಯವರು. ಕುರ್ಚಿ, ಶಾಮಿಯಾನ, ನೀರಿನ ಜವಾಬ್ದಾರಿ ನಿಮ್ಮದು."

ಗುರುಬಸವರಾಜ್ ಶೂ ಹಾಕಿಕೊಂಡು ಜೀಪು ಹತ್ತಿದರು.

ಸಂಜೆ ಬೀರಲಿಂಗಪ್ಪ ಮನೆಗೆ ಬಂದು ಕಂಬಕ್ಕೆ ಒರಗಿ ಕೂತ. ಚೌಡಮ್ಮ ನೀರು ತಂದುಕೊಟ್ಟಳು.

"ಹೊಸ ಕೆಲ್ಸ ಬ್ಯಾಡ ಅಂದೆ. ಹಳೇದು ಉಳೀತೈತೋ ಇಲ್ವೋ ಗೊತ್ತಿಲ್ಲ," ಎಂದ. "ತಪ್ಪು ಮಾಡಿದ್ನೇನೇ?"

"ಸಂಘದೋರೆಲ್ಲ ನಿಮ್ಮನ್ನ ಹೊಗಳ್ತಿದ್ರು," ಎಂದಳು ಚೌಡಮ್ಮ. "ಸಭೇಲಿ ನಾವು ದಿನಾ ಬರ್ತೀವಿ ಅನ್ಬೇಕಲ್ಲ, ಸುಳ್ಳು ಹೇಳಾಕಾಗ್ತೈತಾ? ಅದಕ್ಕೆ ನಾನೇ ಹೇಳೀನಿ, ನಾಳೆಯಿಂದ ಓಣಿಯೋರೆಲ್ಲ ಬೆಳಿಗ್ಗೆ ಐದಕ್ಕೇ ವಾಕಿಂಗ್ ಬರ್ತಾರೆ. ಬೇಗ ಉಂಡು ಮಲಗ್ರಿ, ಗೇಟ್ ತೆಗೀಬೇಕು."