ಬ್ರೇಕ್‌ಫಾಸ್ಟ್ ಒಡೆದ ಬಗೆ

ಹೊಟ್ಟೆಗಿಲ್ಲದ ಕಾಲದಲ್ಲೇ ನಗು ಬರುವ ಸಂಗತಿಗಳು ಹೆಚ್ಚು ನಡೆಯುತ್ತವೆ. ಯುದ್ಧದ ವರ್ಷಗಳಲ್ಲಿ ನಾನು ಆದೋನಿಯಲ್ಲಿ ಲೆಕ್ಕದ ಮೇಷ್ಟ್ರು. ಅಂಥವನ್ನು ಸಾಕಷ್ಟು ಕಂಡೆ.

ಶಬ್ದ ಇಲ್ಲ

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಶಬ್ದ ಒಡೆಯುವ ಹುಚ್ಚು. "ಬ್ರೇಕ್ ಅಂದ್ರ ಮುರಿಯೋದು, ಫಾಸ್ಟ್ ಅಂದ್ರ ಉಪವಾಸ. ರಾತ್ರಿ ಉಂಡು ಮಲಗಿದವ ಮುಂಜಾನಿ ಉಪವಾಸ ಮುರೀತಾನ. ಅದೇ ಬ್ರೇಕ್‌ಫಾಸ್ಟ್" ಎಂದರು.

ಮನೆ ತುಂಬ ಮಕ್ಕಳಿದ್ದ ತೆಲುಗು ಪಂಡಿತರು ಕೇಳಿದರು: "ನಮ್ಮನ್ಯಾಗ ರಾತ್ರಿ ಒಲಿ ಹಚ್ಚೋದಿಲ್ಲರಿ. ನಮ್ಮದಕ್ಕ ಏನಂತಾರ?"

"ಅಷ್ಟು ಉದ್ದದ ಉಪವಾಸಕ್ಕ ಇಂಗ್ಲೆಂಡಿನಾಗ ಶಬ್ದ ಇಲ್ಲ, ಪಂಡಿತರೇ."

ಎರಡರಲ್ಲಿ ಒಂದು

ನೂಲು ಸಿಗದೆ ಎಮ್ಮಿಗನೂರಿನ ಮಗ್ಗಗಳು ನಿಂತಿದ್ದವು. ಗಂಜಿ ಕೇಂದ್ರ ನೋಡಲು ಬಿಳಿಯ ಅಧಿಕಾರಿಯೊಬ್ಬ ಬಂದ. ಮಾತು ತಿಳಿಸಲು ನಮ್ಮ ಇಂಗ್ಲಿಷ್ ಮೇಷ್ಟ್ರು, ಜೊತೆಗೆ ನಾನು. ಸಾಲಿನಲ್ಲಿದ್ದ ನೇಕಾರರ ಮುದುಕಿಗೆ ಬ್ರೇಕ್‌ಫಾಸ್ಟ್ ಆಯಿತೇ ಕೇಳಿ ಎಂದ ಅವನು.

"ಅವ್ವಾ, ಉಪವಾಸ ಮುರದೇನು?" ಎಂದರು ಮೇಷ್ಟ್ರು.

"ಯಾವುದು ಸ್ವಾಮಿ? ದೇವರಿಗೆ ಹಿಡಿದದ್ದು ನಿನ್ನೆ ಮುರದೆ. ನೂಲಿಲ್ಲದ್ದಕ್ಕ ಹಿಡಿದದ್ದು ಇನ್ನೂ ನಡದೈತಿ."

ಮೇಷ್ಟ್ರು ಇಂಗ್ಲಿಷಿನಲ್ಲಿ, "ಎರಡು ಉಪವಾಸದಲ್ಲಿ ಒಂದು ಮುಗಿದಿದೆಯಂತೆ" ಎಂದರು. ಸಾಹೇಬ "ಗುಡ್" ಎಂದು ಕಾರು ಹತ್ತಿದ.

ತಂತಿ

ಮೇಷ್ಟ್ರ ಒಬ್ಬನೇ ಮಗ ಚಳವಳಿಗೆ ಹೋಗಿ ದೂರದ ಜೈಲು ಸೇರಿದ. ಅಲ್ಲಿ ಅನ್ನ ಬಿಟ್ಟ. ಸುದ್ದಿ ಕೇಳಿ ತಾಯಿಯೂ ಬಿಟ್ಟರು. ಮಗ ಕೊನೆಗೆ ಬದುಕಿ ಬಂದ. ಆದರೆ ಆಗ ಅದು ಯಾರಿಗೆ ಗೊತ್ತು? ಆಕೆ ಏಳಲಾರದಂತಾದಾಗ ಮೇಷ್ಟ್ರು ತಂತಿ ಬರೆದರು: 'ಬ್ರೇಕ್ ಫಾಸ್ಟ್. ಮದರ್ ಸೀರಿಯಸ್.' ಉಪವಾಸ ಬಿಡು, ತಾಯಿಯ ಸ್ಥಿತಿ ಗಂಭೀರವಾಗಿದೆ.

ತಂತಿ ಗುಮಾಸ್ತ, "ಇದು ಒಂದೇ ಶಬ್ದ ಅಲ್ಲೇನ್ರಿ?" ಎಂದು ಎರಡನ್ನೂ ಕೂಡಿಸಿ ಕಳಿಸಿಬಿಟ್ಟ. ಜಗಳಕ್ಕೆ ಮೇಷ್ಟ್ರಲ್ಲಿ ತ್ರಾಣವಿರಲಿಲ್ಲ.

ಎದ್ದು ಕೂರಲಾಗದ ಮಗನಿಗೆ ಜೈಲಿನ ಕಾವಲುಗಾರ ಅದನ್ನು ಓದಿ ಹೇಳಿದ. ಮುಂಜಾನೆಯ ತಿಂಡಿ ತಿಂದು ತಾಯಿಯ ಹೊಟ್ಟೆ ಕೆಟ್ಟಿದೆ ಎಂದೇ ಇಬ್ಬರೂ ತಿಳಿದರು.

ಮಗನ ಮರುತಂತಿ ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಮೇಷ್ಟ್ರು ಓದಿ ಮಡಚಿದರು.

"ಏನಂದಾನ?" ಎಂದರು ಆಕೆ, ಮಲಗಿದಲ್ಲಿಂದಲೇ.

"ಮುಂಜಾನಿ ಏನೂ ತಿನಬ್ಯಾಡ ಅಂದಾನ."

ವಾರದಿಂದ ಬರೀ ನೀರು ಕುಡಿದಿದ್ದ ಆಕೆ ಹೊಟ್ಟೆ ಹಿಡಿದು ನಕ್ಕರು.

"ನನ್ನ ಹೊಟ್ಟಿ ಚಿಂತಿ ಮಾಡೋವಷ್ಟು ಜೀವ ಐತಿ ಅವನಿಗೆ. ಗಂಜಿ ಕಾಸ್ರಿ. ಮಧ್ಯಾಹ್ನ ತಿನಬ್ಯಾಡ ಅಂತ ಅವನೇನೂ ಹೇಳಿಲ್ಲಲ್ಲ."